ಕರ್ನಲ್ ಓಡಿದ, ಸುಬೇದಾರ ನಿಂತ

ದಾಂಡೇಲಿ
9 ಜೂನ್ 2024

ಪ್ರೀತಿಯ ಭೀಮಸಿಂಗ್‌ಗೆ,

ನೀನು ಸೈನ್ಯದಿಂದ ನಿವೃತ್ತನಾಗಿ ತಾಂಡಾಕ್ಕೆ ಬಂದಿದ್ದೀಯೆಂಬ ಸುದ್ದಿ ನನಗೆ ನಿನ್ನೆ ಗೊತ್ತಾಯಿತು. ನೀನು ಅದನ್ನು ಹೇಳಲೆಂದೇ ಫೋನ್ ಮಾಡಿದ್ದೆಯಂತೆ. ಎತ್ತಿದವನೂ ನಾನೇ. ‘ರಿಟೈರ್ ಆದೆ’ ಎಂದು ನೀನು ಅಂದದ್ದು ನನಗೆ ‘ಟಯರ್ ಹೋತು’ ಎಂದು ಕೇಳಿಸಿತು. ‘ಪಂಚರ್ ಅಂಗಡಿ ಹತ್ತರನ ಇರ್ತೈತಿ ನೋಡ್ಕೋ’ ಎಂದು ಹೇಳಿ ಇಟ್ಟುಬಿಟ್ಟೆ. ನಿನ್ನ ವೈನಿ ಗುರುಬಸವ್ವ ಹಣೆ ಹಣೆ ಬಡಿದುಕೊಂಡಳು. ಏನು ಮಾಡಲಿ ಮಾರಾಯಾ, ಕಾಗದದ ಮಷಿನ್ನಿನ ಎದುರು ಆಯುಷ್ಯ ಕಳೆದ ಕಿವಿ ಇದು. ಮಷಿನ್ ಮಿಲ್ಲಿನಲ್ಲೇ ಉಳಿಯಿತು, ಅದರ ಸದ್ದು ಮಾತ್ರ ನನ್ನ ಕೂಡ ಮನೆಗೆ ಬಂತು. ಇನ್ನು ಮುಂದೆ ಫೋನಿನ ಗೊಡವೆ ಬೇಡ, ಪತ್ರ ಬರಿ. ಮಿಲ್ಲಿನ ನಿವೃತ್ತ ನೌಕರ ಕಾಗದಕ್ಕೆ ಬಡವನಲ್ಲ.

ನನಗೆ ನೀನು ಇನ್ನೂ ಬಿದಿರಿನ ಲಾರಿ ಇಳಿಸುವ ಗ್ಯಾಂಗಿನ ಹುಡುಗನೇ. ನಮ್ಮ ಕ್ವಾರ್ಟರ್ಸಿನ ಪಡಸಾಲೆಯಲ್ಲಿ ಮಲಗಿ, ಗುರುಬಸವ್ವನ ಕೈಯ ರೊಟ್ಟಿ ತಿಂದು, ಒಂದು ದಿನ ಅಲ್ಲಿಂದಲೇ ಬೆಳಗಾವಿಗೆ ಹೋಗಿ ಪಲ್ಟನ್ ಸೇರಿದವನು. ಈಗ ಸುಬೇದಾರ. ಗುರುಬಸವ್ವ ಕೇಳುತ್ತಿದ್ದಾಳೆ: ‘ಸುಬೇದಾರ ಆದಮ್ಯಾಲೂ ಹಂಗ ಗಬಗಬಾ ತಿಂತಾನೋ, ಸಾವಕಾಶ ತಿಂತಾನೋ?’

ನನ್ನ ಸುದ್ದಿ ಏನೆಂದರೆ, ನಾನೊಬ್ಬ ಅಮೆರಿಕದವನ ಗೆಳೆತನ ಮಾಡಿದ್ದೇನೆ. ಗಾಬರಿಯಾಗಬೇಡ, ಅವನು ಸತ್ತು ನೂರು ವರ್ಷದ ಮೇಲಾಗಿದೆ. ಹಿಂದೊಮ್ಮೆ ರದ್ದಿ ಕಾಗದದ ಗಂಟು ಬಿಚ್ಚುವಾಗ ರಟ್ಟಿಲ್ಲದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಅರೆಯುವ ಕುಣಿಗೆ ಹಾಕಲು ಮನಸ್ಸಾಗದೆ ಫೋರ್‌ಮನ್ನನನ್ನು ಕೇಳಿ ಮನೆಗೆ ತಂದಿದ್ದೆ. ಈಗ ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದೇನೆ. ಅದು ಎಬೆನ್ ಮಲ್ಲರಿ ಎಂಬ ಕರ್ನಲ್‌ನ ಜೀವನಚರಿತ್ರೆ. ದೋಣಿ ದಾಟಿಸುವವನ ಮಗ. ಸೈನ್ಯ ಸೇರಿ, ಹಿಮದಲ್ಲಿ ಕಾಲ್ಬೆರಳು ಕಳೆದುಕೊಂಡು, ಎರಡು ಯುದ್ಧ ಮಾಡಿ, ಕೊನೆಗೆ ರಾಜಕಾರಣಿ ಆದವನು. ಗುರುಬಸವ್ವನಿಗೆ ಹೆಸರು ಹೇಳಿದೆ. ‘ಮಲ್ಲಾರಿನಾ? ಹಂಗಾರ ನಮ್ಮ ಕಡಿಯವನ ಇರಬೇಕು. ಅಮೆರಿಕಾಕ ಯಾವಾಗ ಹ್ವಾದ?’ ಅಂದಳು.

ನೀನೂ ಸೈನಿಕ, ಅವನೂ ಸೈನಿಕ. ಓದಿದಷ್ಟು ನಿನಗೆ ಬರೆಯುತ್ತಾ ಹೋಗುತ್ತೇನೆ. ನನ್ನ ಇಂಗ್ಲಿಷ್ ಸ್ವಲ್ಪ ಕುಂಟುತ್ತದೆ, ಆದರೆ ಊರು ಮುಟ್ಟುತ್ತದೆ.

ನಿನ್ನ ಅಣ್ಣ,
ಉಳವಪ್ಪ


ಬೇಲದಕಟ್ಟಿ ತಾಂಡಾ, ಸನವಳ್ಳಿ ಹತ್ತಿರ
ಮುಂಡಗೋಡ ತಾಲೂಕು
23 ಜೂನ್ 2024

ಅಣ್ಣಾ, ರಾಮ್ ರಾಮ್. ವೈನಿಗೆ ನಮಸ್ಕಾರ.

ಟಯರ್ ಗಟ್ಟಿಯಾಗಿದೆ. ಗಾಡಿ ನಿಂತಿದೆ, ಅಷ್ಟೇ.

ವರದಿ ಹೀಗಿದೆ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಏಳು ಎಂದು ಯಾರೂ ಹೇಳುವುದಿಲ್ಲ. ಬೂಟು ಹೊಳೆಯುವಂತೆ ತಿಕ್ಕುತ್ತೇನೆ. ಹಾಕಿಕೊಂಡು ಹೋಗಲು ಜಾಗ ಇಲ್ಲ. ಮೊನ್ನೆ ಸುಮ್ಮನೆ ಕೂರಲಾರದೆ ಅಡುಗೆಮನೆಯ ಪಾತ್ರೆಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಗೀತಾಬಾಯಿ ಹೊಲದಿಂದ ಬಂದು ನೋಡಿ, ‘ಇದು ಬ್ಯಾರಕ್ ಅಲ್ರೀ, ಅಡಿಗಿಮನಿ. ನನ್ನ ಒಗ್ಗರಣಿ ಸೌಟು ಎಲ್ಲಿ ಪೋಸ್ಟಿಂಗ್ ಮಾಡೀರಿ?’ ಅಂದಳು. ಸೌಟು ಸಂಜೆಯ ಹೊತ್ತಿಗೆ ಸಿಕ್ಕಿತು.

ಇಲ್ಲಿ ಎದುರಾದವರೆಲ್ಲ ನನಗೆ ಒಂದೇ ಪ್ರಶ್ನೆ ಕೇಳುತ್ತಾರೆ. ‘ರಜಾ ಎಷ್ಟು ದಿನಾ?’ ಇಷ್ಟು ವರ್ಷ ರಜೆಯ ಮೇಲೆ ಬಂದು ಹೋದವನಲ್ಲವೇ, ರೂಢಿ ಬಿದ್ದಿದೆ. ರಜೆ ಅಲ್ಲ, ನಾನು ಬಂದೇಬಿಟ್ಟೆ ಅಂದರೆ ಹೌದು ಹೌದು ಎಂದು ತಲೆಯಾಡಿಸಿ, ಹೋಗುವಾಗ ಮತ್ತೆ ಕೇಳುತ್ತಾರೆ: ‘ಹಂಗಾದ್ರ ಯಾವಾಗ ಹೊಂಟಿ?’ ಸನವಳ್ಳಿ ಕ್ರಾಸಿನಲ್ಲಿ ಚಹಾದಂಗಡಿ ಇಟ್ಟಿರುವ ಮುದಕವ್ವ ನನಗೆ ಚಹಾ ಕೊಡುವುದೂ ಬೇರೆ ಕಪ್ಪಿನಲ್ಲಿ. ಊರವರಿಗೆಲ್ಲ ಗಾಜಿನ ಲೋಟ, ನನಗೆ ಹೂವಿನ ಚಿತ್ರದ ಪಿಂಗಾಣಿ ಕಪ್ಪು. ನೆಂಟರಿಗೆ ಇಟ್ಟದ್ದಂತೆ. ನಮ್ಮ ಮನೆಯ ನಾಯಿ ಕೂಡ ನನ್ನನ್ನು ಕಂಡರೆ ಬೊಗಳುತ್ತದೆ. ನಗುವ ಮಾತು, ಬಿಡು.

ನಿನ್ನ ಕರ್ನಲ್‌ನ ಸಂಗತಿ ಚೆನ್ನಾಗಿದೆ. ಅವನು ಊರಿಗೆ ಬಂದ ಮೇಲೆ ಏನು ಮಾಡಿದ ಅಂತ ಬೇಗ ಬರಿ. ಯುದ್ಧದ ಭಾಗ ಬಿಟ್ಟರೂ ನಡೆಯುತ್ತದೆ, ಅದು ನನಗೆ ಗೊತ್ತಿದೆ.

ವೈನಿಗೆ ಹೇಳು, ಈಗಲೂ ಗಬಗಬಾ ತಿನ್ನುತ್ತೇನೆ.

ನಿನ್ನ ತಮ್ಮ,
ಭೀಮಸಿಂಗ್


ದಾಂಡೇಲಿ
14 ಜುಲೈ 2024

ಪ್ರೀತಿಯ ಭೀಮ್ಯಾ,

ನಿನ್ನ ಪತ್ರ ಓದಿ ಮೈ ಝುಂ ಎಂದಿತು. ಯಾಕೆ ಗೊತ್ತೇನು? ಕರ್ನಲ್ ಊರಿಗೆ ಮರಳಿದಾಗಲೂ ಅವನ ಮನೆಯ ನಾಯಿ ಬೊಗಳಿತಂತೆ! ನನ್ನಾಣೆ, ಪುಸ್ತಕದಲ್ಲಿ ಇದೆ. ಗುರುಬಸವ್ವನಿಗೆ ಎರಡು ಸಲ ಓದಿ ಹೇಳಿದೆ. ‘ಮಿಲ್ಟ್ರಿ ಬೂಟಿನ ವಾಸನಿ ನಾಯಿಗೆ ಆಗೂದಿಲ್ಲ. ಚಪ್ಪಲಿ ಹಾಕ್ಕೋ ಅಂತ ಬರೀರಿ’ ಅಂದಳು. ಬರೆದಿದ್ದೇನೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಊರವರು ಕರ್ನಲ್‌ಗೆ ಮರ್ಯಾದೆ ಕೊಟ್ಟರು, ಊಟಕ್ಕೆ ಕರೆದರು, ಆದರೆ ಯಾವ ಮಾತಿಗೂ ಅವನನ್ನು ಕರೆಯಲಿಲ್ಲ. ಆಗ ಅವನು ಏನು ಮಾಡಿದ? ಓಡಿದ. ತಪ್ಪಾಗಿ ಓದಿರಬಹುದೆಂದು ಕನ್ನಡಕ ಒರೆಸಿ ಮತ್ತೆ ನೋಡಿದೆ. ಅಲ್ಲೇ ಇದೆ: ಕರ್ನಲ್ ಮಲ್ಲರಿ ಶಾಸನಸಭೆಗೋಸ್ಕರ ಓಡಿದ. ಅದೂ ಸುಮ್ಮನೆ ಅಲ್ಲ, ರಸ್ತೆ ಮತ್ತು ಸೇತುವೆಯ ಪ್ಲಾಟ್‌ಫಾರ್ಮ್ ಮೇಲೆ ಓಡಿದ! ಆಗ ಅಲ್ಲಿ ಹೊಸದಾಗಿ ರೈಲು ಬಂದಿತ್ತು, ಜನ ಸೇರುವ ಜಾಗ ಅದೇ ಇರಬೇಕು. ಅವನ ಎದುರಾಳಿ ಒಬ್ಬ ವಕೀಲ. ಅವನೂ ಓಡಿದನಂತೆ, ಆದರೆ ಹಿಂದೆ ಬಿದ್ದ. ಕರ್ನಲ್ ಗೆದ್ದ.

ನಾನು ಕೂತು ವಿಚಾರ ಮಾಡಿದೆ. ಮತ ಕೇಳುವವನಿಗೆ ಮೈಯಲ್ಲಿ ಕಸುವು ಇದೆಯೋ ಇಲ್ಲವೋ ಎಂದು ಮೊದಲು ಓಡಿಸಿ ನೋಡುವುದು ಆ ದೇಶದ ಪದ್ಧತಿ ಅಂತ ಕಾಣುತ್ತದೆ. ತಪ್ಪೇನಿದೆ? ನಮ್ಮವರನ್ನೂ ಓಡಿಸಿದರೆ ಅರ್ಧಕ್ಕರ್ಧ ಜನ ಠೇವಣಿ ಕಟ್ಟುವ ಮೊದಲೇ ಕುಸಿದು ಬೀಳುತ್ತಾರೆ.

ಇಲ್ಲಿ ಮಳೆ ಜೋರು. ಕೋಗಿಲಬನದ ಕಡೆ ಕಾಳಿ ನದಿ ಕೆಂಪಗಾಗಿದೆ.

ಉಳವಪ್ಪ


ಬೇಲದಕಟ್ಟಿ ತಾಂಡಾ
4 ಆಗಸ್ಟ್ 2024

ಅಣ್ಣಾ,

ನಿನ್ನ ಪತ್ರ ಸರಿಯಾದ ಹೊತ್ತಿಗೆ ಬಂತು. ನಾನು ಚುನಾವಣೆಗೆ ಇಳಿಯುತ್ತಿದ್ದೇನೆ.

ನಮ್ಮ ವಾರ್ಡಿನ ಪಂಚಾಯಿತಿ ಸದಸ್ಯ ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸಿ, ಇಲ್ಲಿ ಯಾರಿಗೂ ಹೇಳದೆ ಹೋಗಿಬಿಟ್ಟ. ರಾಜೀನಾಮೆಯನ್ನು ಅಂಚೆಯಲ್ಲಿ ಕಳಿಸಿದ. ದೀಪಾವಳಿ ಆದ ಮೇಲೆ ಉಪಚುನಾವಣೆ ಅನ್ನುತ್ತಾರೆ. ಗೊಬ್ಬರದಂಗಡಿಯ ಶೇಖಪ್ಪ ಆಗಲೇ ತಯಾರಿ ನಡೆಸಿದ್ದಾನೆ. ಕೆಟ್ಟವನಲ್ಲ. ಆದರೆ ಯಾವುದಕ್ಕೂ ‘ನೋಡೂಣಂತ’ ಅನ್ನುತ್ತಾನೆ, ನೋಡುವುದಿಲ್ಲ.

ನನಗೆ ಒಂದೇ ಕೆಲಸ ಆಗಬೇಕಾಗಿದೆ. ಬೆಳಗಿನ ಬಸ್ಸು ತುಂಬಿ ಬರುತ್ತದೆಂದು ನಮ್ಮ ತಾಂಡಾದ ದಾರಿ ಡಾಂಬರು ರಸ್ತೆಗೆ ಕೂಡುವ ಫಾಟಿಯಲ್ಲಿ ನಿಲ್ಲುವುದಿಲ್ಲ. ಮುಂಡಗೋಡದ ಹೈಸ್ಕೂಲಿಗೆ ಹೋಗುವ ಹುಡುಗಿಯರು ಬಸ್ಸಿನ ಹಿಂದೆ ಓಡುತ್ತಾರೆ, ಆಮೇಲೆ ಕೆಸರಿನಲ್ಲಿ ನಡೆಯುತ್ತಾರೆ. ಈ ವರ್ಷ ಇಬ್ಬರು ಶಾಲೆ ಬಿಟ್ಟು ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದಾರೆ. ಕರ್ನಲ್‌ಗೆ ಸೇತುವೆ, ನನಗೆ ಬಸ್ಸು.

ನಾನು ಓಟ ಶುರು ಮಾಡಿದ್ದೇನೆ. ಮಳೆ ಬರಲಿ ಬಿಡಲಿ, ಬೆಳಿಗ್ಗೆ ತಾಂಡಾದಿಂದ ಸನವಳ್ಳಿ ಕ್ರಾಸು, ಅಲ್ಲಿಂದ ಕೆರೆಯ ದಂಡೆ, ವಾರ್ಡಿನ ಒಂದು ಮನೆಯನ್ನೂ ಬಿಡದೆ ಸುತ್ತಿ ವಾಪಸ್. ಜನ ಬಾಗಿಲಿಗೆ ಬಂದು ನೋಡುತ್ತಾರೆ. ಮುದುಕಿಯರು ಕೈ ಮುಗಿಯುತ್ತಾರೆ. ಪ್ಲಾಟ್‌ಫಾರ್ಮ್ ಇಲ್ಲಿ ಇಲ್ಲ, ಕೆರೆಯ ದಂಡೆಯೇ ಗತಿ. ಪರಿಣಾಮ ಚೆನ್ನಾಗಿದೆ ಅನ್ನಿಸುತ್ತದೆ.

ನಾಯಿ ಈಗ ಬೊಗಳುತ್ತಾ ನನ್ನ ಕೂಡ ಓಡಿ ಬರುತ್ತದೆ, ಅಷ್ಟು ಪ್ರಗತಿ.

ಭೀಮಸಿಂಗ್

ತಾ.ಕ.: ಕರ್ನಲ್ ಮುಂದೆ ಏನಾದ?


ದಾಂಡೇಲಿ
1 ಸೆಪ್ಟೆಂಬರ್ 2024

ಭಲೇ ಭೀಮ್ಯಾ, ಭಲೇ!

ನಿನ್ನ ಪತ್ರ ಹಿಡಿದುಕೊಂಡು ಇಡೀ ಓಣಿಗೆ ತೋರಿಸಿ ಬಂದೆ. ಒಬ್ಬಿಬ್ಬರು ಏನೋ ಅಂದರು, ನನಗೆ ಕೇಳಿಸಲಿಲ್ಲ. ಹೊಗಳಿಕೆಯೇ ಇರಬೇಕು.

ಕರ್ನಲ್ ಮುಂದೆ ಏನಾದನೆಂದರೆ, ಮತ್ತೆ ಓಡಿದ. ಈ ಸಲ ಗವರ್ನರ್ ಹುದ್ದೆಗೆ ಓಡಿದ. ‘ಹಿಂದೆಂದೂ ಯಾರೂ ಓಡದಷ್ಟು ಬಿರುಸಾಗಿ ಓಡಿದ’ ಎಂದು ಬರೆದಿದೆ. ಕಾಲ್ಬೆರಳು ಇಲ್ಲದವನು! ನಿನಗೆ ಹತ್ತೂ ಬೆರಳು ಇವೆ. ಇನ್ನು ಬೆಳಿಗ್ಗೆ ಮಾತ್ರ ಓಡಿದರೆ ಸಾಲದು, ಸಂಜೆಯೂ ಒಂದು ಸುತ್ತು ಹಾಕು. ಸಂತೆಯ ದಿನ ಮುಂಡಗೋಡದ ಬಜಾರಿನಲ್ಲೂ ಓಡು. ಜನ ಸೇರಿದಲ್ಲಿ ಓಡಬೇಕು, ಅದೇ ಅದರ ಗುಟ್ಟು.

ಗವರ್ನರ್ ಆದನೋ ಇಲ್ಲವೋ ಎಂದು ಕೇಳಬೇಡ. ಅವಸರ ಮಾಡಿದರೆ ಕಥೆ ಕೆಡುತ್ತದೆ.

ಗುರುಬಸವ್ವನದು ಮಾತ್ರ ಒಂದೇ ತಕರಾರು. ‘ಆ ಮಲ್ಲಾರಿ ಯಾಕ ಇಷ್ಟು ಓಡಾಕತ್ತಾನ? ಒಂದೀಟು ನಿಂತು ಯಾರ ಜೋಡಿನಾರ ಮಾತಾಡಬಾರದನು?’ ಅನ್ನುತ್ತಾಳೆ. ರಾಜಕೀಯ ಅವಳಿಗೆ ತಿಳಿಯದು. ನಿನಗೆಂದು ಶೇಂಗಾ ಚಟ್ನಿ ಕುಟ್ಟಿದ್ದಾಳೆ, ಬರುವವರ ಕೈಯಲ್ಲಿ ಕಳಿಸುತ್ತೇನೆ.

ಉಳವಪ್ಪ


ಬೇಲದಕಟ್ಟಿ ತಾಂಡಾ
2 ಅಕ್ಟೋಬರ್ 2024

ಉಳವಪ್ಪಣ್ಣಾರಿಗೆ ಗೀತಾಬಾಯಿ ಮಾಡುವ ನಮಸ್ಕಾರ.

ನಾ ಏಳನೇತ್ತೆ ಕಲ್ತಾಕಿ. ಮಾತಾಡಿದಂಗ ಬರೀತೇನಿ, ತಪ್ಪಿದ್ರ ಬೈಬ್ಯಾಡ್ರಿ. ನಾ ಬರದೀನಂತ ಅವರಿಗೆ ಗೊತ್ತಿಲ್ಲ, ಗೊತ್ತು ಮಾಡಬ್ಯಾಡ್ರಿ.

ನಿಮ್ಮ ಆ ಕರ್ನಲ್ ಯಾವ ಜಲ್ಮದ ವೈರಿ ಅದಾನ್ರಿ? ಇವರು ಮುಂಜಾನಿ ಓಡತಾರ, ಸಂಜಿಕಿ ಓಡತಾರ. ಮಂಗಳವಾರ ಸಂತ್ಯಾಗ ಓಡಿದ್ರು. ಬದನಿಕಾಯಿ ತಗೊಳಾಕ ನಿಂತಾಕಿ ನಾನು, ಬಾಜೂಕ ಒಬ್ಬಾಕಿ ‘ಯಾರಪಾ ಇಂವಾ, ಏನ್ ಕದ್ದಾನ?’ ಅಂತ ಕೇಳಿದ್ಲು. ನಾ ಸೆರಗು ಮುಖಕ್ಕ ಹಾಕ್ಕೊಂಡು ಬದನಿಕಾಯಿ ಬಿಟ್ಟು ಬಂದೆ.

ನಗೂದಲ್ಲಣ್ಣಾ. ಊರಾಗ ಏನ್ ಅಂತಾರ ಗೊತ್ತೈತೇನು? ‘ಸುಬೇದಾರ ಮತ್ತ ಮಿಲ್ಟ್ರಿಗೆ ಹೊಂಟಾನ, ಅದಕ್ಕ ಪ್ರಾಕ್ಟೀಸ್ ಮಾಡಾಕತ್ತಾನ’ ಅಂತಾರ. ಮೊದಲಿನ ಮೆಂಬರ್ ಹುಬ್ಬಳ್ಳಿಗೆ ಓಡಿ ಹೋದ, ಇಂವಾ ಈಗ ಓಡಾಕತ್ತಾನ, ಓಟು ಹಾಕಿದ್ರ ಪೂರಾ ಓಡಿ ಹೋಗ್ತಾನ ಅಂತಾರ. ಶೇಖಪ್ಪ ಗ್ವಾಡಿ ಮ್ಯಾಲ ಬರಸ್ಯಾನ: ‘ಓಟ ಸುಬೇದಾರಗ, ಓಟು ಶೇಖಪ್ಪಗ!’ ಚಿಕ್ಕ ಹುಡುಗರೆಲ್ಲಾ ಅದನ್ನ ಹಾಡಕೋತ ತಿರಗತಾವ. ನಮ್ಮವರ ಕಿವಿಗೆ ಬಿದ್ದೈತಿ. ಏನೂ ಆಗದವರಂಗ ಬೂಟ್ ತಿಕ್ಕತಾರ.

ಇನ್ನೊಂದು ಮಾತ ನಿಮಗ ಅವರು ಹೇಳಿರೂದಿಲ್ಲ. ಗೋವಾದಾಗ ಒಂದು ಫ್ಯಾಕ್ಟರಿ ಗೇಟ್ ಕಾಯೂ ಕೆಲಸ ಬಂದೈತಿ. ಸೋತ್ರ ಹೋಗಿಬಿಡ್ತೇನಿ ಅಂದ್ರು. ‘ಈ ಊರಿಗೆ ನಾ ಬ್ಯಾಡಾಗೇನಿ ಗೀತಾ, ಪಿಂಗಾಣಿ ಕಪ್ಪಿನ್ಯಾಗ ಎಷ್ಟು ದಿನಾ ಚಹಾ ಕುಡೀಲಿ’ ಅಂದ್ರು. ಅವರು ಹಂಗ ಅಂದದ್ದು ನಾ ಎಂದೂ ಕೇಳಿದ್ದಿಲ್ಲ. ಲಗ್ನ ಆದಾಗಿಂದ ನಾ ಅವರನ್ನ ಬಸ್ಸಿಗೆ ಕಳಸೂದ ಆತು. ಪ್ರತಿ ಸರ್ತೀನೂ ಬಸ್ ಮರಿ ಆಗೂತನಾ ನಿಂತು ಮನಿಗೆ ಬಂದು ಅಳೂದು. ಈಗರ ಮನ್ಯಾಗ ಇರ್ಲಿ ಅಂತ ನನಗ ಆಸೆ. ಸೌಟು ಎಲ್ಲೆ ಬೇಕಾದ್ರೂ ಇಡ್ಲಿ, ಮನುಷ್ಯಾ ಮನ್ಯಾಗ ಇರ್ಲಿ.

ನಿಮ್ಮ ಮಾತು ಒಂದ ಕೇಳತಾರ. ಓಡೂದು ಬಿಡಸರಿ.

ಗೀತಾಬಾಯಿ


ದಾಂಡೇಲಿ
9 ಅಕ್ಟೋಬರ್ 2024

ಸ್ಪೀಡ್ ಪೋಸ್ಟ್

ಭೀಮ್ಯಾ,

ಓಡುವುದನ್ನು ಈ ಗಳಿಗೆಯಿಂದ ಬಿಡು. ಪತ್ರ ಓದುವಾಗ ಓಡುತ್ತಿದ್ದರೆ ಅಲ್ಲೇ ನಿಂತುಕೋ.

ಮೊಮ್ಮಗಳು ಮಧುಮತಿ ಹಳಿಯಾಳದ ಕಾಲೇಜಿನಿಂದ ದಸರಾ ರಜೆಗೆ ಬಂದಿದ್ದಾಳೆ. ಕರ್ನಲ್‌ನ ಪುಸ್ತಕವನ್ನೂ ನಿನ್ನ ಪತ್ರಗಳನ್ನೂ ಅವಳ ಮುಂದಿಟ್ಟೆ. ಓದಿ ನಕ್ಕಳು ನೋಡು, ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತು ನಕ್ಕಳು. ನಾನು ಏನಾಯಿತೆಂದು ಗಾಬರಿಯಾಗಿ ನೀರು ತಂದೆ. ‘ಅಜ್ಜಾ, ಅವರ ಭಾಷಾದಾಗ ಓಡಿದ ಅಂದ್ರ ಎಲೆಕ್ಷನ್ನಿಗೆ ನಿಂತ ಅಂತ ಅರ್ಥ’ ಅಂದಳು. ಪ್ಲಾಟ್‌ಫಾರ್ಮ್ ಅಂದರೆ ಜನರಿಗೆ ಕೊಟ್ಟ ಭರವಸೆಯಂತೆ. ರೈಲೂ ಇಲ್ಲ, ಸ್ಟೇಷನ್ನೂ ಇಲ್ಲ. ಕರ್ನಲ್ ಒಂದು ಹೆಜ್ಜೆಯೂ ಓಡಿಲ್ಲ ಮಾರಾಯಾ! ಕುದುರೆ ಗಾಡಿಯಲ್ಲಿ ಕೂತು ಹೋಗಿ, ಊರೂರಲ್ಲಿ ನಿಂತು ಮಾತಾಡಿದ್ದಾನೆ, ಅಷ್ಟೇ. ನಾವು ನಿಲ್ಲುತ್ತೇವೆ ಅನ್ನುವುದಕ್ಕೆ ಅವರು ಓಡುತ್ತೇವೆ ಅನ್ನುತ್ತಾರೆ. ಎಂಥ ಜನವೋ!

ಗುರುಬಸವ್ವ ಗೆದ್ದವರ ಮುಖ ಮಾಡಿಕೊಂಡು ತಿರುಗುತ್ತಿದ್ದಾಳೆ. ‘ನಾ ಏನ್ ಅಂದಿದ್ದೆ? ಒಂದೀಟು ನಿಲ್ಲಬಾರದನು ಅಂದಿದ್ದೆ ಇಲ್ಲೋ?’ ನನಗೆ ಊಟ ಸೇರುತ್ತಿಲ್ಲ. ನನ್ನ ಕುಂಟ ಇಂಗ್ಲಿಷಿನಿಂದ ನಿನ್ನ ಹೆಸರು ನಗೆಪಾಟಲಾಯಿತೇನೋ ಎಂಬ ಅಂಜಿಕೆ.

ನಮ್ಮ ಭಾಷೆಯ ಮಾತನ್ನೇ ಕೇಳು. ನಿಲ್ಲು, ಭೀಮ್ಯಾ. ಓಡಬೇಡ, ನಿಲ್ಲು.

ಉಳವಪ್ಪ


ಬೇಲದಕಟ್ಟಿ ತಾಂಡಾ
3 ನವೆಂಬರ್ 2024

ಅಣ್ಣಾ,

ಸ್ಪೀಡ್ ಪೋಸ್ಟ್ ಕೈಗೆ ಸಿಕ್ಕಿದ್ದು ಕೆರೆಯ ದಂಡೆಯ ಮೇಲೆ. ಓದಿದೆ. ಅಲ್ಲೇ ಕೂತೆ. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ದಾಂಡೇಲಿಗೆ ಬಂದು ಆ ಪುಸ್ತಕವನ್ನು ಕುಣಿಗೆ ಹಾಕಿಬಿಡುತ್ತೇನೆ ಎಂದುಕೊಂಡೆ. ಆಮೇಲೆ ಸಂತೆಯಲ್ಲಿ ಓಡಿದ್ದು ನೆನಪಾಯಿತು. ಸೊಪ್ಪಿನವಳು ಬುಟ್ಟಿ ಎತ್ತಿಕೊಂಡು ಪಕ್ಕಕ್ಕೆ ಸರಿದದ್ದು, ಇಬ್ಬರು ನನ್ನ ಹಿಂದೆ ‘ಹಿಡೀರಿ ಹಿಡೀರಿ’ ಎಂದು ಓಡಿ ಬಂದದ್ದು. ಒಬ್ಬನೇ ಕೂತು ನಗಲು ಶುರು ಮಾಡಿದೆ. ನಾಯಿ ಬಂದು ಪಕ್ಕದಲ್ಲಿ ಕೂತಿತು. ಬೊಗಳಲಿಲ್ಲ.

ಓಟ ಬಿಟ್ಟೆ. ಆದರೆ ಬೆಳಿಗ್ಗೆ ಐದಕ್ಕೆ ಎಚ್ಚರವಾಗುವುದು ಬಿಡುತ್ತದೆಯೇ? ನಿಲ್ಲು ಅಂದೆಯಲ್ಲ, ಎಲ್ಲಿ ನಿಲ್ಲಲಿ? ರಜೆ ಮುಗಿದು ಶಾಲೆ ತೆರೆದ ದಿನ ಯೂನಿಫಾರ್ಮ್ ಹಾಕಿ, ಪದಕಗಳನ್ನು ಸಿಕ್ಕಿಸಿಕೊಂಡು, ತಾಂಡಾದ ಫಾಟಿಯಲ್ಲಿ ರಸ್ತೆಯ ಅಂಚಿಗೆ ಹುಡುಗಿಯರ ಪಕ್ಕ ನಿಂತೆ. ಬಸ್ಸು ಬಂತು. ಅವರು ಎಂದಿನಂತೆ ಓಡಲು ಚೀಲ ಬಿಗಿ ಮಾಡಿಕೊಂಡರು. ನನಗೆ ಏನು ಹೊಳೆಯಿತೋ, ಬಸ್ಸಿಗೆ ಒಂದು ಸೆಲ್ಯೂಟ್ ಹೊಡೆದೆ. ಜನರಲ್ ಸಾಹೇಬರಿಗೆ ಹೊಡೆಯುವಂಥದ್ದು. ಬಸ್ಸು ಕಿರ್ರ್ ಎಂದು ನಿಂತಿತು.

ಡ್ರೈವರ್ ತಲೆ ಹೊರಗೆ ಹಾಕಿದ. ‘ಏನ್ರಿ ಸಾಹೇಬ್ರ, ಯಾಕ ನಿಂತೀರಿ?’

‘ಎಲೆಕ್ಷನ್ನಿಗೆ ನಿಂತೇನಿ’ ಅಂದೆ. ಬಸ್ಸಿಗೆ ಬಸ್ಸೇ ನಕ್ಕಿತು. ಅಷ್ಟರಲ್ಲಿ ಹುಡುಗಿಯರು ಹತ್ತಿಬಿಟ್ಟಿದ್ದರು. ಜಾಗ ಇಲ್ಲ ಅಂದವರೇ ಒತ್ತಿ ಜಾಗ ಮಾಡಿಕೊಟ್ಟರು.

ಮರುದಿನವೂ ನಿಂತೆ, ಬಸ್ಸೂ ನಿಂತಿತು. ‘ನೌಕರಿ ಸೇರಿದಾಗಿಂದ ನನಗ ಯಾರೂ ಸೆಲ್ಯೂಟ್ ಹೊಡದಿಲ್ರಿ. ಹೊಡದವರನ್ನ ಬಿಟ್ಟು ಹೋಗೂದು ಹೆಂಗ?’ ಅಂದ ಡ್ರೈವರ್. ಈಗ ದಿನಾ ನಿಲ್ಲುತ್ತದೆ. ಶಾಲೆ ಬಿಟ್ಟ ಇಬ್ಬರಲ್ಲಿ ಒಬ್ಬಳು ಮತ್ತೆ ಚೀಲ ಹಿಡಿದು ಬಂದಿದ್ದಾಳೆ. ಇನ್ನೊಬ್ಬಳ ತಾಯಿಯ ಕೂಡ ಗೀತಾಬಾಯಿ ಮಾತಾಡುತ್ತಿದ್ದಾಳೆ.

ನಿಂತ ಮೇಲೆ ಒಂದು ಗೊತ್ತಾಯಿತು. ಓಡುವವನನ್ನು ಜನ ನೋಡುತ್ತಾರೆ, ನಿಂತವನ ಹತ್ತಿರ ಬಂದು ಮಾತಾಡುತ್ತಾರೆ. ಬಸ್ಸು ಬರುವ ಮುಂಚೆ ಫಾಟಿಯಲ್ಲಿ ಈಗ ಸಣ್ಣ ಕಚೇರಿಯೇ ನಡೆಯುತ್ತದೆ.

ಮತದಾನ ಈ ತಿಂಗಳ ಕೊನೆಯ ವಾರ. ಶೇಖಪ್ಪ ನನ್ನ ಓಟವನ್ನು ಹಂಗಿಸಿ ಗೋಡೆಯ ಮೇಲೆ ಬರೆಸಿದ್ದಾನೆ, ಅದನ್ನು ಇನ್ನೂ ಅಳಿಸಿಲ್ಲ. ಏನಾಗುತ್ತದೋ ಆಗಲಿ.

ಭೀಮಸಿಂಗ್

ತಾ.ಕ.: ಚಟ್ನಿ ಮುಟ್ಟಿತು. ಮುಗಿಯಿತು ಕೂಡ. ಕರ್ನಲ್ ಗವರ್ನರ್ ಆದನೇ?


ದಾಂಡೇಲಿ
8 ಡಿಸೆಂಬರ್ 2024

ತಂಗಿ ಗೀತಾಬಾಯಿಗೆ,

ಮತದಾನ ಮುಗಿದು ಎಷ್ಟು ದಿನವಾಯಿತು, ಭೀಮಸಿಂಗನಿಂದ ಒಂದು ಅಕ್ಷರ ಇಲ್ಲ. ಮಧುಮತಿ ಅಲ್ಲಿ ಇಲ್ಲಿ ವಿಚಾರಿಸಿ, ಶೇಖಪ್ಪ ಗೆದ್ದನೆಂದು ನಿನ್ನೆ ಹೇಳಿದಳು. ನಾನು ಎದ್ದು ಹೋಗಿ ಹಿತ್ತಲಲ್ಲಿ ಕೂತೆ. ಗುರುಬಸವ್ವ ಬಂದು ಬೈದು ಒಳಗೆ ಕರೆದುಕೊಂಡು ಹೋದಳು. ಬೈಯುವಾಗ ಅವಳ ಕಣ್ಣಲ್ಲೂ ನೀರಿತ್ತು.

ಅವನು ಗೋವಾಕ್ಕೆ ಹೋಗಿರಬೇಕು. ನೀನು ಹೇಳಿದ್ದನ್ನು ನಾನು ಅವನಿಗೆ ಇದುವರೆಗೆ ತಿಳಿಸಿಲ್ಲ. ದಯವಿಟ್ಟು ಅವನ ಗೋವಾದ ವಿಳಾಸ ಕಳಿಸು. ಕರ್ನಲ್ ಗವರ್ನರ್ ಆದನೇ ಎಂದು ಅವನು ಕೇಳಿದ್ದ, ನಾನು ಇದುವರೆಗೆ ಉತ್ತರ ಹಾರಿಸಿದೆ. ನಿಜ ಏನೆಂದರೆ, ಪುಸ್ತಕದ ಕೊನೆಯ ಹಾಳೆಗಳು ಇಲ್ಲ. ಮಿಲ್ಲಿಗೆ ಬರುವ ಮೊದಲೇ ಹರಿದು ಹೋಗಿವೆ. ಗವರ್ನರ್ ಹುದ್ದೆಗೆ ಓಡಿದ, ಅಲ್ಲಿಗೆ ಪುಸ್ತಕ ಮುಗಿಯಿತು. ಗೆದ್ದ ಎಂದು ಸುಳ್ಳು ಬರೆಯೋಣ ಅನ್ನಿಸಿತ್ತು, ಕೈ ಬರಲಿಲ್ಲ.

ಅಣ್ಣ ಬೇಡಿಕೊಂಡಿದ್ದಾನೆಂದು ಅವನಿಗೆ ಹೇಳು. ಗೇಟು ಕಾಯುವ ಕೆಲಸ ಮರ್ಯಾದೆಯದೇ, ಆದರೆ ಅವನ ಗೇಟು ನಿಮ್ಮ ಮನೆಯದು.

ಉಳವಪ್ಪ


ಬೇಲದಕಟ್ಟಿ ತಾಂಡಾ
15 ಡಿಸೆಂಬರ್ 2024

ಅಣ್ಣಾ, ರಾಮ್ ರಾಮ್.

ಗೀತಾಬಾಯಿಗೆ ಬರೆದ ಪತ್ರವನ್ನು ನಾನೇ ಒಡೆದೆ. ಹಾಗಾದರೆ ನೀವಿಬ್ಬರೂ ನನ್ನ ಬೆನ್ನ ಹಿಂದೆ ಟಪಾಲು ನಡೆಸಿದ್ದೀರಿ! ಕೋರ್ಟ್ ಮಾರ್ಷಲ್ ಆಮೇಲೆ. ಮೊದಲು ವರದಿ ಕೇಳು.

ಸೋತೆ. ತೀರ ಕಡಿಮೆ ಮತಗಳಿಂದ ಸೋತೆ, ಆದರೂ ಸೋಲು ಸೋಲೇ. ಶೇಖಪ್ಪನಿಗೆ ಹಾರ ಹಾಕಿದರು. ನಾನೂ ಹೋಗಿ ಕೈಕುಲುಕಿ ಬಂದೆ. ಮನೆಯಲ್ಲಿ ಟ್ರಂಕು ತುಂಬಲು ಗೀತಾಬಾಯಿಗೆ ಹೇಳಿದೆ. ‘ಆತ್ರಿ’ ಅಂದು ತಾನೇ ತುಂಬಿ ಬೀಗ ಹಾಕಿಟ್ಟಳು. ಎರಡು ದಿನ ಬಿಟ್ಟು ಬೆಳಿಗ್ಗೆ ಸಾದಾ ಬಟ್ಟೆ ಹಾಕಿಕೊಂಡು ಟ್ರಂಕು ಹೊತ್ತು ಫಾಟಿಗೆ ಬಂದೆ. ಭಯಂಕರ ಭಾರ ಇತ್ತು. ಚಪಾತಿ ಜಾಸ್ತಿ ಕಟ್ಟಿದ್ದಾಳೆಂದುಕೊಂಡೆ.

ಫಾಟಿಯಲ್ಲಿ ಹುಡುಗಿಯರು ಇದ್ದರು. ಮುದಕವ್ವನೂ ಬಂದು ನಿಂತಿದ್ದಳು, ಮುಂಡಗೋಡಕ್ಕೆ ಸಕ್ಕರೆ ತರಲು ಹೊರಟವಳು. ಟ್ರಂಕು ನೋಡಿದಳು, ನನ್ನನ್ನು ನೋಡಿದಳು. ‘ಯಾವಾಗ ಹೊಂಟಿ’ ಎಂದು ಈಗ ಕೇಳುತ್ತಾಳೆ, ಕೊನೆಗೂ ಇವತ್ತು ಅವಳಿಗೆ ಉತ್ತರ ಕೊಡಬಹುದು ಎಂದುಕೊಂಡೆ. ಅವಳು ಅದನ್ನು ಕೇಳಲಿಲ್ಲ.

‘ಏನೋ ಇದು?’ ಅಂದಳು.

‘ಸೋತೆನಲ್ಲ ಯವ್ವಾ.’

‘ಸೋತ್ರ ಏನಾತು? ನಾಳಿ ಈ ಹುಡುಗ್ಯಾರಿಗೆ ಬಸ್ಸು ಯಾರ ನಿಲ್ಲಸ್ತಾರ, ಶೇಖಪ್ಪ ಬಂದು ಸೆಲ್ಯೂಟ್ ಹೊಡೀತಾನನು? ಓಡಾಡಿ ಓಡಾಡಿ ನಮ್ಮನ್ನ ಅಂಜಿಸಿದಿ. ನಿಂತಮ್ಯಾಲ ಇಂವಾ ನಮ್ಮಂವಾ ಅಂತ ಧೈರ್ಯ ಬಂತು. ಈಗ ಮತ್ತ ಹೊಂಟೆ ಅಂತಿ. ನೀ ನಿಲ್ಲಾಂವೋ, ಓಡಾಂವೋ? ಅಷ್ಟ ಹೇಳು.’

ಬಸ್ಸು ಬಂತು. ನಾನು ಸೆಲ್ಯೂಟ್ ಹೊಡೆದಿರಲಿಲ್ಲ, ಆದರೂ ನಿಂತಿತು. ಹುಡುಗಿಯರು ಹತ್ತಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕಂಡಕ್ಟರ್, ಡ್ರೈವರ್, ಕಿಟಕಿಯಲ್ಲಿದ್ದವರು, ಎಲ್ಲರೂ ನೋಡುತ್ತಿದ್ದರು. ನಾನು ಟ್ರಂಕನ್ನು ರಸ್ತೆಯ ಅಂಚಿನಿಂದ ಹಿಂದಕ್ಕೆ ಎಳೆದೆ ಅಣ್ಣಾ.

‘ನಿಲ್ತೇನಿ’ ಅಂದೆ.

ಬಸ್ಸು ಹುಡುಗಿಯರನ್ನು ಹತ್ತಿಸಿಕೊಂಡು ಹೋಯಿತು. ಮುದಕವ್ವ ಹೋಗಲಿಲ್ಲ. ಸಕ್ಕರೆ ನಾಳೆ ತಂದರಾಯಿತು ಎಂದು ನನ್ನನ್ನು ಕ್ರಾಸಿಗೆ ನಡೆಸಿಕೊಂಡು ಹೋಗಿ, ಬೆಲ್ಲ ಹಾಕಿ ಚಹಾ ಮಾಡಿದಳು. ಗಾಜಿನ ಲೋಟದಲ್ಲಿ ಕೊಟ್ಟಳು. ಅಂಚು ಸ್ವಲ್ಪ ಒಡೆದಿತ್ತು. ನಾನು ಅಳುತ್ತಿದ್ದೆ, ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಮನೆಗೆ ಬಂದು ಟ್ರಂಕು ತೆರೆದರೆ ಒಂದು ಅಂಗಿ ಇಲ್ಲ, ಒಂದು ಚಪಾತಿ ಇಲ್ಲ. ಒರಳಿನ ಗುಂಡುಕಲ್ಲು! ಗೀತಾಬಾಯಿ ಬಾಗಿಲಿಗೆ ಒರಗಿ ನಿಂತಿದ್ದಳು. ‘ಮುದಕವ್ವಗ ನಿನ್ನೆನ ಹೇಳಿ ಬಂದಿದ್ದೆ. ಆಕಿ ಮಾತೂ ಕೇಳದಿದ್ರ, ಭಾರ ಆಗಿರ ತಿರುಗಿ ಬರಲಿ ಅಂತ ಕಲ್ಲು ಇಟ್ಟಿದ್ದೆ’ ಅಂದಳು. ಗೋವಾದವರಿಗೆ ಬರುವುದಿಲ್ಲವೆಂದು ಅವತ್ತೇ ಬರೆದು ಹಾಕಿದೆ. ನಿನಗೆ ಬರೆಯುವುದು ತಡವಾಯಿತು, ಯಾಕೆಂದರೆ ಫಾಟಿಯಲ್ಲಿ ಕಲ್ಲುಕಟ್ಟೆ ಕಟ್ಟುತ್ತಿದ್ದೇವೆ. ಹುಡುಗಿಯರು ಎಷ್ಟು ದಿನ ನಿಂತೇ ಇರಬೇಕು? ಶೇಖಪ್ಪ ಎರಡು ಚೀಲ ಸಿಮೆಂಟು ಕೊಟ್ಟ. ಈ ಸಲ ‘ನೋಡೂಣಂತ’ ಅನ್ನಲಿಲ್ಲ.

ಕರ್ನಲ್ ಗವರ್ನರ್ ಆದನೋ ಬಿಟ್ಟನೋ, ನನಗೆ ಇನ್ನು ಬೇಡ. ಹರಿದ ಹಾಳೆ ಎಲ್ಲಿದೆಯೋ ಅಲ್ಲೇ ಇರಲಿ. ಇಷ್ಟು ಓಡಿ ಪಾಪ ಅವನಿಗೂ ದಣಿವಾಗಿರಬೇಕು. ವೈನಿಗೆ ಹೇಳು, ಅವಳ ಮಲ್ಲಾರಿ ಈಗ ನಮ್ಮ ಕಟ್ಟೆಯ ಮೇಲೆ ಕೂತಿದ್ದಾನೆ ಎಂದು. ಸಂಕ್ರಾಂತಿಗೆ ನೀವಿಬ್ಬರೂ ಬರಲೇಬೇಕು. ಮುಂಡಗೋಡದಲ್ಲಿ ಬಸ್ಸು ಹತ್ತಿ. ನಮ್ಮ ಫಾಟಿಗೆ ಈಗ ಹೊಸ ಹೆಸರು ಬಂದಿದೆ, ಕಂಡಕ್ಟರ್ ಅದನ್ನು ಕೂಗುವುದು ನಿನಗೆ ಕೇಳಿಸದಿದ್ದರೂ ವೈನಿಗೆ ಕೇಳಿಸುತ್ತದೆ. ಮೊನ್ನೆ ಶೇಖಪ್ಪನೇ ಆ ಹೆಸರು ಹೇಳಿ ಟಿಕೆಟ್ ತೆಗೆಸಿದ, ಬಸ್ಸಿನಲ್ಲಿ ಎಲ್ಲರೂ ನಕ್ಕರು, ಅವನೂ ನಕ್ಕ.

ನನ್ನ ಹೊಸ ವಿಳಾಸ ಕೇಳಿದ್ದೆಯಲ್ಲ, ಬರೆದುಕೋ:

ಭೀಮಸಿಂಗ್
ಬೇಲದಕಟ್ಟಿ ತಾಂಡಾ
ಸುಬೇದಾರ ಸ್ಟಾಪ್
ಮುಂಡಗೋಡ ತಾಲೂಕು